ತುದಿ ಚಿವುಟಿದ ಬೇರು

ನಮ್ಮ ಸಂಜೆ ಕಾಲೇಜಿನ ಜೀವಶಾಸ್ತ್ರ ತರಗತಿಯಲ್ಲಿ ಎಲ್ಲರಿಗೂ ಎಲ್ಲವೂ ಕಾಣುತ್ತದೆ, ನನ್ನೊಬ್ಬಳನ್ನು ಬಿಟ್ಟು. ಮೇಷ್ಟ್ರು ಮೈಕ್ರೋಸ್ಕೋಪಿನ ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಾ "ಕಾಣ್ತಾ?" ಎಂದು ಕೇಳುತ್ತಾರೆ. ಬಗ್ಗಿದವರು ಬಗ್ಗಿದಷ್ಟೇ ಬೇಗ ತಲೆಯೆತ್ತಿ "ಕಾಣ್ತು ಸರ್" ಎನ್ನುತ್ತಾರೆ. ಸಾಲು ಮುಂದಕ್ಕೆ ಸರಿಯುತ್ತದೆ. ಎಂಥ ಚುರುಕು ಕಣ್ಣುಗಳು! ಒಮ್ಮೆ ಮೈಕ್ರೋಸ್ಕೋಪಿನ ದೀಪವೇ ಹೊತ್ತಿರಲಿಲ್ಲ. ಆಗಲೂ ನನಗಿಂತ ಮುಂದೆ ನಿಂತವರಿಗೆಲ್ಲ ಕಂಡಿತ್ತು.

ಕಾಣಬೇಕಾದದ್ದು ಇಷ್ಟೆ: ಈರುಳ್ಳಿಯ ಬೇರಿನಲ್ಲಿ ಒಂದು ಕೋಶ ಎರಡಾಗುವುದು. ಪುಸ್ತಕದಲ್ಲಿ ಅದಕ್ಕೆ ನಾಲ್ಕು ಹಂತಗಳಿವೆ, ನಾಲ್ಕಕ್ಕೂ ನಾಲಿಗೆ ತೊಡರುವ ಹೆಸರುಗಳಿವೆ. ನನಗೆ ನೆನಪಿರಲಿ ಎಂದು ನಾನು ಅದನ್ನು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವ ಹಾಗೆ ಇಟ್ಟುಕೊಂಡಿದ್ದೇನೆ. ಮೊದಲು ಕೋಶದೊಳಗಿನ ನೂಲಿನಂಥ ವರ್ಣತಂತುಗಳು ದಪ್ಪಗಾಗಿ ಎದ್ದು ಕಾಣುತ್ತವೆ, ಮನೆಯಲ್ಲಿ ದನಿ ಏರಿದ ಹಾಗೆ, ಇದು ಪ್ರೋಫೇಸ್. ಆಮೇಲೆ ಎಲ್ಲವೂ ನಡುಮನೆಗೆ ಬಂದು ಸಾಲಾಗಿ ನಿಲ್ಲುತ್ತವೆ, ಮೆಟಾಫೇಸ್. ಮುಂದೆ ಅರ್ಧ ಆ ಕಡೆಗೆ, ಅರ್ಧ ಈ ಕಡೆಗೆ ಎಳೆದುಕೊಂಡು ಹೋಗುವುದು ಅನಾಫೇಸ್. ಕೊನೆಗೆ ನಡುವೆ ಗೋಡೆ ಎದ್ದು ಎರಡು ಸಂಸಾರವಾದರೆ ಅದು ಟೀಲೋಫೇಸ್. ಒಂದೇ ವ್ಯತ್ಯಾಸ, ಕೋಶದಲ್ಲಿ ಎರಡು ಕಡೆಯವರಿಗೂ ಸಮಪಾಲು ಸಿಗುತ್ತದೆ, ಯಾರೂ ಮಾತು ಬಿಡುವುದಿಲ್ಲ.

ಇದನ್ನು ನೋಡಲು ನಾನು ಹೋದ ವರ್ಷವೆಲ್ಲ ಆ ಕೊಳವೆಗೆ ಕಣ್ಣು ಕೊಟ್ಟೆ. ಕಂಡದ್ದು ಇಟ್ಟಿಗೆ ಪೇರಿಸಿದ ಹಾಗೆ ಉದ್ದುದ್ದ ಕೋಶಗಳು, ಒಳಗೆ ಒಂದೊಂದು ಮಂಕು ಚುಕ್ಕೆ. ಪಾಲಿನ ಮಾತೇ ಇಲ್ಲ. ಎಲ್ಲರೂ ಹೊದ್ದು ಮಲಗಿದ ಮನೆ. ನನ್ನ ಪಕ್ಕದಲ್ಲಿ ಕೂರುವ ಬ್ರೆಡ್ಡಣ್ಣ, ಅಂದರೆ ಬೇಕರಿ ವ್ಯಾನು ಓಡಿಸುವವನು, ಅಷ್ಟರಲ್ಲಿ ನಾಲ್ಕು ಹಂತಗಳನ್ನೂ ಬರೆದು ಬಣ್ಣ ತುಂಬುತ್ತಿದ್ದ.

"ನಿನಗೆ ನಿಜವಾಗ್ಲೂ ಕಾಣ್ತಾ?" ಎಂದು ನಾನು ಕೇಳಿದೆ.

"ಅಕ್ಕಾ, ಪುಸ್ತಕದಲ್ಲಿ ಇದೆ ಅಂದ್ಮೇಲೆ ಬೇರಲ್ಲೂ ಇರುತ್ತೆ. ಇಷ್ಟು ದೊಡ್ಡವರು ಬರೆದಿದಾರೆ, ಸುಳ್ಳು ಬರೀತಾರಾ? ನಾನು ಹೋಗಿ ಇಣುಕಿ ನೋಡಿದ್ರೆ ಅವರನ್ನ ಅನುಮಾನಿಸಿದ ಹಾಗಾಗಲ್ವಾ?"

ವಿನಯ ಎಂದರೆ ಇದು. ನನಗೆ ಅಷ್ಟು ವಿನಯವಿಲ್ಲ. ಹೋದ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು "ಕಾಣ್ತೇನಮ್ಮಾ?" ಎಂದಾಗ, ನಾನು ಬಹಳ ಯೋಚಿಸಿ "ಇಲ್ಲ ಸರ್" ಎಂದೆ. ಅವರ ಪೆನ್ನು ಗಾಳಿಯಲ್ಲೇ ನಿಂತಿತು. ಅಷ್ಟು ವರ್ಷದಲ್ಲಿ ಆ ಉತ್ತರ ಅವರಿಗೆ ಬಂದದ್ದು ಅದೇ ಮೊದಲಂತೆ. "ವೀಕ್ಷಣಾ ಸಾಮರ್ಥ್ಯ ಸಾಲದು" ಎಂದು ಬರೆದು ಫೇಲು ಮಾಡಿದರು. ಕಂಡದ್ದನ್ನು ಕಂಡ ಹಾಗೆ ಹೇಳಿದವಳು ತರಗತಿಯಲ್ಲಿ ಒಬ್ಬಳೇ, ಫೇಲಾದವಳೂ ಒಬ್ಬಳೇ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುವುದು ಸುಮ್ಮನೆ ಅಲ್ಲ.

ಫೇಲಾದರೆ ಏನಾಯಿತು, ಸಂಜೆ ಕಾಲೇಜಿನಲ್ಲಿ ಯಾರು ತಾನೇ ಕೇಳುತ್ತಾರೆ ಎನ್ನಬಹುದು. ನನಗೆ ಕೇಳುವವರಿದ್ದರು. ಹಗಲು ನಾನು ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೂರುತ್ತೇನೆ. ಊರಿನಲ್ಲಿ ಯಾರ ಮನೆಯ ನಲ್ಲಿ ಒಣಗಿದರೂ ಬೈಗುಳ ನನ್ನ ಕಿಟಕಿಗೆ ಹರಿದು ಬರುತ್ತದೆ. ಅದಕ್ಕೆ ಮಾತ್ರ ಯಾವತ್ತೂ ಬರವಿಲ್ಲ. "ಗಮನಕ್ಕೆ ತರಲಾಗಿದೆ" ಎನ್ನುವುದು ನನ್ನ ಉದ್ಯೋಗ. ಯಾರ ಗಮನಕ್ಕೆ ಎಂದು ನನಗೂ ಗೊತ್ತಿಲ್ಲ. ಅದೇ ಕಟ್ಟಡದ ಮಹಡಿಯಲ್ಲಿ ನೀರಿನ ಪರೀಕ್ಷಾ ಕೊಠಡಿ ಇದೆ. ಅಲ್ಲಿ ಮೈಕ್ರೋಸ್ಕೋಪು ಇದೆ, ಬಾಗಿಲಿದೆ, ಆ ಬಾಗಿಲನ್ನು ಮುಚ್ಚಬಹುದು. ಅಲ್ಲೊಂದು ಸಹಾಯಕರ ಜಾಗ ಈ ವರ್ಷ ಖಾಲಿಯಾಗಿತ್ತು. ಜೀವಶಾಸ್ತ್ರ ಪಾಸಾದರೆ ಅದು ನನಗೆ, ಇಲ್ಲವಾದರೆ ನಮ್ಮ ಮೇಲ್ವಿಚಾರಕರ ಭಾಮೈದನಿಗೆ. ಭಾಮೈದ ಎಲ್ಲವನ್ನೂ ಎಂದೋ ಪಾಸು ಮಾಡಿಕೊಂಡು, ಭಾವನ ಮೇಜಿನ ಪಕ್ಕದ ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತಾ ನನ್ನ ಫಲಿತಾಂಶಕ್ಕೆ ನನಗಿಂತ ಆಸೆಯಿಂದ ಕಾಯುತ್ತಿದ್ದ.

ಹಾಗಾಗಿ ಈ ವರ್ಷ ನನಗೆ ಎರಡು ದಾರಿಗಳಿದ್ದವು. ಎಲ್ಲರಂತೆ "ಕಾಣ್ತು" ಎನ್ನುವುದು ಒಂದು. ಅದನ್ನು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಯೂ ನೋಡಿದೆ. ಕನ್ನಡಿಯಲ್ಲಿದ್ದವಳು ನಂಬಲಿಲ್ಲ. ಉಳಿದದ್ದು ಕಷ್ಟದ ದಾರಿ: ನಿಜವಾಗಿ ಕಾಣುವುದು.

ಅಡುಗೆಮನೆಯ ಕಿಟಕಿಯಲ್ಲಿ ಗಾಜಿನ ಲೋಟಗಳ ಬಾಯಿಗೆ ಈರುಳ್ಳಿ ಕೂರಿಸಿ, ಬುಡ ಮಾತ್ರ ತಾಗುವಂತೆ ನೀರು ತುಂಬಿದೆ. ಬಿಳಿ ಬೇರುಗಳು ಗಡ್ಡದ ಹಾಗೆ ಇಳಿಯತೊಡಗಿದವು. ನಮ್ಮತ್ತೆ ಅವನ್ನು ಹಾದುಹೋಗುವಾಗಲೆಲ್ಲ ಒಂದು ಮಾತು ಹಾಕದೆ ಹೋಗುತ್ತಿರಲಿಲ್ಲ.

"ಮನೆಯವರಿಗೆ ಕುಡಿಯೋಕೆ ಲೋಟ ಇಲ್ಲ, ಈರುಳ್ಳಿಗೆ ಒಂದೊಂದು. ಅದೂ ದಿನಾ ಹೊಸ ನೀರು. ನನಗೆ ಯಾವತ್ತಾದ್ರೂ ಕೇಳದೆ ನೀರು ಕೊಟ್ಟಿದೀಯಾ?"

"ಪರೀಕ್ಷೆಗೆ ಅತ್ತೆ. ಇದು ಕೈಕೊಟ್ಟರೆ ಮುಂದಕ್ಕೆ ಅವಕಾಶ ಇಲ್ಲ."

"ಈರುಳ್ಳಿ ಏನು ಕೈಕೊಡುತ್ತೆ? ಕಣ್ಣಲ್ಲಿ ನೀರು ತರಿಸೋದು ಬಿಟ್ರೆ ಅದಕ್ಕೆ ಬೇರೆ ಏನು ಬರುತ್ತೆ?" ಅತ್ತೆ ಮೊರದ ಮುಂದೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. ಎರಡು ತುದಿಗಳನ್ನೂ ಉಗುರಿನಿಂದ ಟಕ್ಕೆಂದು ಚಿವುಟಿ, ನಡುವಿನದನ್ನು ಪಾತ್ರೆಗೆ ಹಾಕುವುದು. "ನಿನ್ನ ಕೋಶ ಎರಡಾದ್ರೆ ನಮಗೇನು ಬಂತು? ನಮ್ಮ ಮಾವನೋರ ಮನೆ ಐದಾಯ್ತು. ಅದನ್ನ ಬರಿಗಣ್ಣಲ್ಲೇ ನೋಡಿದೀನಿ."

ಮಾತು ಹೀಗಿದ್ದರೂ ಒಂದು ದಿನ ಅಡುಗೆಗೆ ಈರುಳ್ಳಿ ಸಾಲದೆ ಬಂದಾಗ ಅತ್ತೆ ಕಿಟಕಿಗೆ ಕೈ ಹಾಕಲಿಲ್ಲ. ಪಕ್ಕದ ಮನೆಯಿಂದ ಸಾಲ ತಂದರು. ತಂದು, "ನಿನ್ನ ಮಕ್ಕಳನ್ನ ಮುಟ್ಟಿಲ್ಲಮ್ಮಾ, ಎಣಿಸಿಕೋ" ಎಂದರು. ನಮ್ಮ ಮನೆಯವರು ಪೇಪರಿನ ಹಿಂದಿನಿಂದ "ಹೂಂ" ಎಂದರು. ಅವರು ಯಾರ ಪರ ಎಂದು ಮದುವೆಯಾದಾಗಿನಿಂದಲೂ ತಿಳಿದಿಲ್ಲ.

ಕಾಲೇಜಿನ ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಒಂದು ದಪ್ಪ ಪುಸ್ತಕ ಸಿಕ್ಕಿತು. ಕೋಶಗಳು ಹೆಚ್ಚಾಗಿ ಒಡೆಯುವುದು ಬೆಳಗ್ಗೆ, ಬಿಸಿಲೇರುವ ಹೊತ್ತಿನಲ್ಲಿ. ಬೇರನ್ನು ಆಗಲೇ ಕತ್ತರಿಸಿ, ಸ್ಪಿರಿಟ್ಟಿಗೆ ಅಸಿಟಿಕ್ ಆಮ್ಲ ಬೆರೆಸಿದ ಸೀಸೆಗೆ ಹಾಕಬೇಕು. ಹಾಕಿದರೆ ಪ್ರತಿಯೊಂದು ಕೋಶವೂ ಆ ಕ್ಷಣ ಏನು ಮಾಡುತ್ತಿತ್ತೋ ಅದೇ ಭಂಗಿಯಲ್ಲಿ ನಿಂತುಬಿಡುತ್ತದೆ ಎಂದು ಅದರಲ್ಲಿ ಬರೆದಿತ್ತು. ನನಗೆ ಇದನ್ನು ನಂಬುವುದು ಕಷ್ಟವಾಗಲಿಲ್ಲ. ನಮ್ಮ ಕಚೇರಿಯವರು ಯಾವ ಸೀಸೆಯೂ ಇಲ್ಲದೆ ಹಾಗೆ ನಿಲ್ಲಬಲ್ಲರು.

ನಾವು ಬೇರು ಕತ್ತರಿಸುತ್ತಿದ್ದದ್ದು ಸಂಜೆ, ತರಗತಿ ಶುರುವಾದ ಮೇಲೆ. ಮೇಷ್ಟ್ರಿಗೆ ಹೋಗಿ ಹೇಳಿದೆ. ಪಾಪ, ಅವರು ಹಗಲು ಇನ್ನೊಂದು ಕಾಲೇಜಿನಲ್ಲಿ ಗಂಟಲು ಹರಿದುಕೊಂಡು, ಉಳಿದ ಗಂಟಲನ್ನು ನಮಗೆ ತರುವವರು.

"ಬೆಳಗ್ಗೆ ಕತ್ತರಿಸಬೇಕಂತೆ ಸರ್."

"ಇದು ಸಂಜೆ ಕಾಲೇಜಮ್ಮಾ," ಎಂದರು ಮೇಷ್ಟ್ರು ಸಮಾಧಾನವಾಗಿ. "ಬೆಳಗಿನದ್ದೆಲ್ಲ ಬೆಳಗಿನ ಕಾಲೇಜಿನವರು ನೋಡ್ಕೋತಾರೆ."

"ಆದ್ರೆ ಈರುಳ್ಳಿಗೆ ಅದು ಗೊತ್ತಿಲ್ಲವಲ್ಲ ಸರ್."

ಮೇಷ್ಟ್ರು ನನ್ನನ್ನು ಕರುಣೆಯಿಂದ ನೋಡಿದರು. "ನೀವೇ ತಯಾರು ಮಾಡ್ಕೊಂಡು ಬನ್ನಿ. ಸೀಸೆಗೆ ಬೇಕಾದ ಆಮ್ಲ ನೀಟಪ್ಪನ ಹತ್ರ ಇಸ್ಕೊಳ್ಳಿ. ಪರೀಕ್ಷೆ ದಿನ ಸೀಸೆ ಅವನ ಕೈಗೆ ಕೊಟ್ಬಿಡಿ, ಎಲ್ಲರ ಮೇಜಿಗೂ ಅವನೇ ಇಡ್ತಾನೆ. ಮತ್ತೆ, ಅಮ್ಮಾ..."

"ಏನು ಸರ್?"

"ಈ ಸಲ ಕಾಣ್ತು ಅಂದ್ಬಿಡಿ. ನನ್ನ ಆಣೆ."

ನೀಟಪ್ಪ ನಮ್ಮ ಪ್ರಯೋಗಾಲಯದ ಅಟೆಂಡರು. ಮನೆಯಲ್ಲಿ ಇಟ್ಟ ಹೆಸರು ಬೇರೆ ಏನೋ ಇದೆ. ಕಾಲೇಜು ಇಟ್ಟದ್ದು ಇದು. ಅವರ ಕಪಾಟಿನಲ್ಲಿ ಸೀಸೆಗಳು ಎತ್ತರದ ಪ್ರಕಾರ ನಿಂತಿರುತ್ತವೆ. ಸೀಮೆಸುಣ್ಣ ಸವೆದು ವಕ್ರವಾದರೆ ಅವರಿಗೆ ಊಟ ಸೇರುವುದಿಲ್ಲ. ಅವರು ಕೈ ಹಾಕಿದ ವಸ್ತು ಕೆಟ್ಟರೂ ನೀಟಾಗಿ ಕೆಡುತ್ತದೆ.

ಬಿಸಿಲೇರುವ ಹೊತ್ತಿಗೆ ನಾನು ಮನೆಯಲ್ಲಿ ಇರುವುದಿಲ್ಲ, ದೂರು ಕಿಟಕಿಯಲ್ಲಿರುತ್ತೇನೆ. ಹಾಗಾಗಿ ಪರೀಕ್ಷೆಯ ಹಿಂದಿನ ದಿನ ಈರುಳ್ಳಿಯೂ ನನ್ನ ಜೊತೆ ಕೆಲಸಕ್ಕೆ ಬಂತು. ಬಸ್ಸಿನಲ್ಲಿ ಲೋಟ ತುಳುಕದಂತೆ ಎದೆಗಪ್ಪಿಕೊಂಡು ನಿಂತಿದ್ದನ್ನು ನೋಡಿ ಒಬ್ಬರು ಎದ್ದು ಸೀಟು ಕೊಟ್ಟರು, ನನಗೋ ಈರುಳ್ಳಿಗೋ ಗೊತ್ತಿಲ್ಲ. ಅದನ್ನು ಕಿಟಕಿಯ ಪಕ್ಕದಲ್ಲಿಟ್ಟು ಕೆಲಸಕ್ಕೆ ಕೂತೆ. ಬಂದವರೆಲ್ಲ ಮೊದಲು ಅದನ್ನೇ ನೋಡಿದರು.

"ನಮ್ಮ ಬೀದಿಗೆ ನೀರಿಲ್ಲ, ಇಲ್ಲಿ ಈರುಳ್ಳಿ ಸ್ನಾನ ಮಾಡ್ತಿದೆ!" ಎಂದರು ಒಬ್ಬ ಅಜ್ಜ.

"ಗಮನಕ್ಕೆ ತರಲಾಗಿದೆ ಅಜ್ಜಾ," ಎಂದೆ, ಅಭ್ಯಾಸಬಲ.

ಬಿಸಿಲು ಮೇಜಿನ ಅಂಚಿಗೆ ಬಂದಾಗ, ಸಾಲಿನಲ್ಲಿದ್ದವರನ್ನು ಸ್ವಲ್ಪ ನಿಲ್ಲಿಸಿ, ಕಿಟಕಿಯ ಬಾಗಿಲು ಎಳೆದುಕೊಂಡು, ಕತ್ತರಿ ತೆಗೆದೆ. ಬೇರುಗಳನ್ನು ಬುಡದಿಂದ ಪೂರ್ತಿಯಾಗಿ ಕತ್ತರಿಸಿ ಸೀಸೆಗೆ ಹಾಕಿದೆ. ಬೇಕಾದದ್ದು ತುದಿ ಮಾತ್ರ. ಆದರೆ ಅದು ಎಷ್ಟು ಉದ್ದ ಬೇಕು ಎನ್ನುವುದರಲ್ಲಿ ನನಗೆ ಧೈರ್ಯ ಬರಲಿಲ್ಲ. ಮೇಷ್ಟ್ರ ಎದುರಲ್ಲೇ ಕತ್ತರಿಸೋಣ ಎಂದುಕೊಂಡೆ. ಸೀಸೆಯ ಮುಚ್ಚಳ ತೆಗೆದದ್ದೇ ತಡ, ಸ್ಪಿರಿಟ್ಟಿನ ವಾಸನೆ ಕಡತಗಳ ಮೇಲೆ ಹಾದು ಮೇಲ್ವಿಚಾರಕರ ಮೂಗಿಗೆ ಹೋಗಿ ವರದಿ ಮಾಡಿತು.

ಅವರು ಎದ್ದು ಬಂದರು. ಹಿಂದೆ ಭಾಮೈದನೂ ಬಂದ, ಮುಖದಲ್ಲಿ ಹಬ್ಬ.

"ಏನಮ್ಮಾ," ಮೇಲ್ವಿಚಾರಕರು ದನಿ ತಗ್ಗಿಸಿ ಕೇಳಿದರು, "ಮನೇಲಿ ಏನಾದ್ರೂ ತೊಂದರೆನಾ?"

"ಇಲ್ಲ ಸರ್. ಈರುಳ್ಳಿ ಬೇರು."

"ಈರುಳ್ಳಿ ಬೇರಿಂದನೂ ಇಳಿಸ್ತಾರಾ?"

"ಕುಡಿಯೋಕಲ್ಲ ಸರ್, ನೋಡೋಕೆ."

"ನಮ್ಮ ಭಾಮೈದನೊಬ್ಬ ಹೀಗೇ ಹೇಳ್ತಿದ್ದ. ನೋಡೋಕೆ ಅಂತ ತರೋನು," ಎಂದು ಅವರು ಹಿಂದೆ ತಿರುಗಿ ನೋಡಿದರು. ಭಾಮೈದನ ಮುಖದ ಹಬ್ಬ ಸ್ವಲ್ಪ ಇಳಿಯಿತು. ನಾನು ಸೀಸೆಯನ್ನು ಬೆಳಕಿಗೆ ಹಿಡಿದು ಬೇರುಗಳನ್ನು ತೋರಿಸಿದೆ, ಕೋಶಗಳು ನಿಂತ ಭಂಗಿಯಲ್ಲೇ ನಿಲ್ಲುವುದನ್ನು ವಿವರಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿ, ಮುಚ್ಚಳ ಗಟ್ಟಿಯಾಗಿದೆಯೇ ಎಂದು ತಾವೇ ತಿರುವಿ ನೋಡಿದರು. ಅಂದು ಸಂಜೆಯವರೆಗೂ ನನ್ನ ಜೊತೆ ಎಲ್ಲರೂ ಬಹಳ ಮೃದುವಾಗಿ ಮಾತನಾಡಿದರು. ಕೆಲಸಕ್ಕೆ ಸೇರಿದ ಮೇಲೆ ಅಂಥ ಮರ್ಯಾದೆ ನನಗೆ ಸಿಕ್ಕಿರಲಿಲ್ಲ.

ಮರುದಿನ ಪರೀಕ್ಷೆ. ಸೀಸೆಯನ್ನು ಮೇಷ್ಟ್ರು ಹೇಳಿದಂತೆ ನೀಟಪ್ಪನ ಕೈಗೆ ಕೊಟ್ಟು, "ಇದು ನನ್ನದು, ಜೋಪಾನ" ಎಂದೆ. ಅವರು ಎರಡು ಕೈಯಲ್ಲಿ ಇಸಿದುಕೊಂಡರು. ಪರೀಕ್ಷಕರು ಹೋದ ವರ್ಷದವರೇ. ನನ್ನನ್ನು ನೋಡಿದೊಡನೆ, "ಓಹೋ, ಕಾಣದ ಅಮ್ಮ ಬಂದ್ರಾ! ಕನ್ನಡಕ ಬದಲಾಯಿಸಿದ್ರಾ?" ಎಂದರು. ತರಗತಿ ನಕ್ಕಿತು. ನಾನೂ ನಕ್ಕೆ. ಪರೀಕ್ಷಕರ ಜೋಕಿಗೆ ನಗದಿದ್ದರೆ ಅದಕ್ಕೂ ಅಂಕ ಹೋಗುತ್ತದೇನೋ ಎನ್ನುವ ಭಯ.

ನನ್ನ ಮೇಜಿನ ಮೇಲೆ ಗಾಜಿನ ಬಟ್ಟಲಿನಲ್ಲಿ ಬೇರುಗಳು ಬಂದು ಕೂತಿದ್ದವು. ಬಗ್ಗಿ ನೋಡಿದೆ. ಬೇರುಗಳೆಲ್ಲ ಒಂದೇ ಉದ್ದ. ಬೆಂಕಿಕಡ್ಡಿ ಜೋಡಿಸಿದ ಹಾಗೆ ಸಾಲಾಗಿ ಮಲಗಿದ್ದವು. ಎರಡು ಕಡೆಯೂ ಮಟ್ಟಸವಾಗಿ ಕತ್ತರಿಸಿತ್ತು. ಕಣ್ಣ ಮುಂದೆ ಅತ್ತೆಯ ಮೊರ ಬಂತು, ಟಕ್, ಟಕ್.

ನಾನು ನೀಟಪ್ಪನ ಹತ್ತಿರ ಹೋದೆ. "ಇದರ ತುದಿಗಳು ಎಲ್ಲಿ?"

"ತೆಗೆದೆನಲ್ಲಮ್ಮಾ," ಎಂದರು, ಸಂತೋಷದಿಂದ. "ಯಾವಾಗ್ಲೂ ತೆಗೀತೀನಿ. ಒಂದು ಕಡೆ ಸಿಪ್ಪೆ ಅಂಟಿರುತ್ತೆ, ಇನ್ನೊಂದು ಕಡೆ ಮೂತಿ ಚೂಪಾಗಿ, ಒಂಥರಾ ಹಳದಿಯಾಗಿರುತ್ತೆ. ಹುರುಳಿಕಾಯಿಗೆ ಮಾಡಲ್ವಾ, ಹಾಗೆ. ಮಕ್ಕಳ ಮೇಜಿಗೆ ಹೋಗೋ ಸಾಮಾನು ನೀಟಾಗಿರಬೇಕು."

"ಯಾವಾಗ್ಲೂ?"

"ನಾನು ಕೆಲಸಕ್ಕೆ ಸೇರಿದಾಗಿಂದ."

ಬೇರು ಬೆಳೆಯುವುದು ತುದಿಯಲ್ಲಿ. ಕೋಶ ಒಡೆಯುವುದು ಅಲ್ಲಿ ಮಾತ್ರ, ಉಗುರಿನ ಅಂಚಿನಷ್ಟು ಜಾಗದಲ್ಲಿ. ಅದನ್ನು ಚಿವುಟಿ ಎಸೆದು, ಮಿಕ್ಕ ನಿದ್ದೆಯ ಭಾಗವನ್ನು ನಮ್ಮ ಕಾಲೇಜು ಇಷ್ಟು ವರ್ಷಗಳಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾ ಬಂದಿತ್ತು. ಎಲ್ಲರಿಗೂ ನಾಲ್ಕು ಹಂತಗಳೂ ಕಾಣುತ್ತಾ ಬಂದಿದ್ದವು. ಇದೇ ಪುಣ್ಯಾತ್ಮರು ನನ್ನ ಹೋದ ವರ್ಷವನ್ನೂ ಚಿವುಟಿದ್ದರು. ಈಗ ಈ ವರ್ಷದ್ದೂ ಆಯಿತು. ಬಯ್ಯೋಣ ಎಂದುಕೊಂಡೆ. ಅವರ ಮುಖ ನೋಡಿ, "ಚೆನ್ನಾಗಿ ಕತ್ತರಿಸಿದೀರಿ" ಎಂದುಬಿಟ್ಟೆ. ನನ್ನ ಸ್ವಭಾವವೇ ಇಷ್ಟು. ಆಮೇಲೆ ಕೇಳಿದೆ: "ಎಸೆದಾಯ್ತಾ?"

"ಇಲ್ಲ, ಆ ಸಾಸರಿನಲ್ಲಿದೆ. ಕಸ ಆದ್ರೂ ಒಂದು ಕಡೆ ಇರಬೇಕು."

ನೀಟು ಎನ್ನುವುದು ಕೊಲ್ಲುತ್ತದೆ, ಕಾಯುವುದೂ ಅದೇ. ತೊಟ್ಟಿಯ ಪಕ್ಕದಲ್ಲಿ ಅಂಚು ಮುಕ್ಕಾದ ಸಾಸರಿನಲ್ಲಿ ಸ್ವಲ್ಪ ನೀರು, ಅದರಲ್ಲಿ ಎಲ್ಲರ ಬೇರಿನ ತುದಿಗಳೂ ತೇಲುತ್ತಿದ್ದವು. ಬೇರೆಯವರದ್ದು ಆ ಸಂಜೆ ಕಿತ್ತದ್ದು, ನೀರಿನ ಬಣ್ಣದ್ದಾಗಿ ಮೆತ್ತಗಿತ್ತು. ನನ್ನದು ಸೀಸೆಯಲ್ಲಿ ಒಂದು ದಿನ ಕಳೆದು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಚಿಮುಟದಿಂದ ಒಂದೊಂದನ್ನೇ ಆರಿಸತೊಡಗಿದೆ.

"ಏನಮ್ಮಾ, ಕಸದಲ್ಲಿ ಏನು ಹುಡುಕ್ತಿದೀರಿ?" ಪರೀಕ್ಷಕರು ಹಿಂದೆ ನಿಂತಿದ್ದರು.

"ಬೇರಿನ ತುದಿ ಸರ್."

"ಮೇಜಿನ ಮೇಲೆ ಬೇರು ಕೊಟ್ಟಿದೆ. ಪರೀಕ್ಷೆ ಬೇರಿನದ್ದು, ತುದಿಯದ್ದಲ್ಲ."

ನಾನು ಪ್ರಶ್ನೆಯ ಚೀಟಿಯನ್ನು ಮುಂದೆ ಹಿಡಿದೆ. ಬೆರಳಿಟ್ಟು ತೋರಿಸಿದೆ. 'ಈರುಳ್ಳಿ ಬೇರಿನ ತುದಿಯ ಕೋಶಗಳಲ್ಲಿ ವಿಭಜನೆಯ ಹಂತಗಳನ್ನು ಗುರುತಿಸಿ.' ಎರಡು ವರ್ಷಗಳಿಂದ ನಾನೂ ಅದನ್ನು ಓದುತ್ತಲೇ ಇದ್ದೆ.

ಪರೀಕ್ಷಕರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ಇದೆ," ಎಂದರು, ಯಾರೋ ರಾತ್ರೋರಾತ್ರಿ ಸೇರಿಸಿದರೇನೋ ಎನ್ನುವ ದನಿಯಲ್ಲಿ. "ಸರಿ, ಮಾಡಿ."

ಮಾಡಿದೆ. ತುದಿಗಳನ್ನು ಆಮ್ಲದ ಹನಿಯಲ್ಲಿ ಬೆಚ್ಚಗೆ ಮಾಡಿದೆ. ಅವುಗಳಲ್ಲಿ ಒಂದು ಬುಸ್ಸೆಂದು ನೊರೆಯೆದ್ದಿತು. ನೋಡಿದರೆ ಸೀಮೆಸುಣ್ಣದ ಚೂರು. ಅದನ್ನು ತೆಗೆದುಹಾಕಿ, ಉಳಿದವಕ್ಕೆ ಕೆಂಪು ಬಣ್ಣ ಹಾಕಿ, ಒಂದನ್ನು ಗಾಜಿನ ಮೇಲಿಟ್ಟು, ತೆಳು ಗಾಜು ಮುಚ್ಚಿ, ಹೀರುಕಾಗದ ಹಾಕಿ ಹೆಬ್ಬೆಟ್ಟಿನಿಂದ ಒತ್ತಿದೆ. ಕಡಿಮೆ ಒತ್ತಿದರೆ ಕೋಶಗಳು ಒಂದರ ಮೇಲೊಂದು ಗುಂಪು ಕಟ್ಟುತ್ತವೆ, ಹೆಚ್ಚು ಒತ್ತಿದರೆ ಗಾಜೇ ಒಡೆಯುತ್ತದೆ. ಸೊಸೆಯಾಗಿದ್ದವರಿಗೆ ಈ ಹದ ಹೇಳಿಕೊಡಬೇಕಾಗಿಲ್ಲ.

ಕಣ್ಣಿಟ್ಟೆ. ಮೊದಲು ಬರೀ ಕೆಂಪು ಮಂಜು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಮಂಜು ಸರಿಯಿತು.

ಇಟ್ಟಿಗೆಗಳಲ್ಲ, ಚಿಕ್ಕ ಚಿಕ್ಕ ಚೌಕ ಮನೆಗಳು, ಒತ್ತೊತ್ತಾಗಿ. ಒಂದರಲ್ಲಿ ಕೆಂಪು ನೂಲು ಉಂಡೆಯಾಗಿ ಸಿಕ್ಕುಬಿದ್ದಿತ್ತು. ಅದರಾಚೆ ಇನ್ನೊಂದರಲ್ಲಿ ನೂಲೆಲ್ಲ ನಡುವಿಗೆ ಬಂದು ಸಾಲು ನಿಂತಿತ್ತು, ಸ್ವಲ್ಪ ಓರೆಯಾಗಿ. ಅಂಚಿನ ಒಂದರಲ್ಲಿ ಎರಡು ಗುಂಪುಗಳು ಒಂದರಿಂದೊಂದು ದೂರ ಹೋಗುತ್ತಿದ್ದವು, ಬಾಲಗಳು ಇನ್ನೂ ಹಿಂದಕ್ಕೆ ಚಾಚಿದ್ದವು, ಹೊರಟವರು ತಿರುಗಿ ನೋಡಿದ ಹಾಗೆ. ನಿನ್ನೆ ಬೆಳಗ್ಗೆ, ಬೈಗುಳದ ಸಾಲಿನ ಎದುರಿಗೆ, ಆ ಲೋಟದೊಳಗೆ ಇವು ಇದನ್ನು ಮಾಡುತ್ತಿದ್ದವು. ಯಾರ ಗಮನಕ್ಕೂ ಬಂದಿರಲಿಲ್ಲ. ನನಗೆ ಕಣ್ಣು ತುಂಬಿ ಮತ್ತೆ ಮಂಜಾಯಿತು. ಈರುಳ್ಳಿಗೆ ಅದೊಂದೇ ಬರುವುದೆಂದು ಅತ್ತೆ ಹೇಳಿದ್ದು ಸುಳ್ಳೇನಲ್ಲ.

ಕಂಡದ್ದನ್ನು ಕಂಡ ಹಾಗೆ ಬರೆದೆ. ಓರೆಯಾದದ್ದನ್ನು ಓರೆಯಾಗಿ. ನಾಲ್ಕನೆಯದನ್ನು, ನಡುವೆ ಗೋಡೆ ಎದ್ದದ್ದನ್ನು, ಹುಡುಕಿದೆ. ಗಾಜನ್ನು ಆ ತುದಿಯಿಂದ ಈ ತುದಿಗೆ ಸರಿಸಿದೆ. ಸಿಗಲಿಲ್ಲ. ಅಷ್ಟರಲ್ಲಿ ಪರೀಕ್ಷಕರು ಮೇಜಿನಿಂದ ಮೇಜಿಗೆ ಬರುತ್ತಿದ್ದರು. "ಕಾಣ್ತಾ?" "ಕಾಣ್ತು ಸರ್." ಟಿಕ್. "ಕಾಣ್ತಾ?" "ನಾಲ್ಕೂ ಸರ್." ಟಿಕ್. ಬ್ರೆಡ್ಡಣ್ಣ ಮೈಕ್ರೋಸ್ಕೋಪಿನ ಮುಚ್ಚಳವನ್ನೇ ತೆಗೆದಿರಲಿಲ್ಲ, ಅವನಿಗೂ ಟಿಕ್. ನನ್ನ ಹತ್ತಿರ ಬಂದು ನಿಂತರು.

"ಏನಮ್ಮಾ? ಎಲ್ಲಾ ಹಂತ ಕಂಡ್ವಾ?"

ಅವರ ಹಿಂದೆ ಮೇಷ್ಟ್ರು ನಿಂತು ನನಗೆ ಮಾತ್ರ ಕಾಣುವ ಹಾಗೆ ತಲೆಯಾಡಿಸುತ್ತಿದ್ದರು: ಹೂಂ ಅನ್ನಿ, ಹೂಂ ಅನ್ನಿ. ಮೂರಂತೂ ಕಂಡಿವೆ, ನಾಲ್ಕನೆಯದೂ ಅಲ್ಲೇ ಎಲ್ಲೋ ಇರುತ್ತದೆ. ಒಂದು ಮಾತಿನಲ್ಲಿ ಮಹಡಿಯ ಕೊಠಡಿ, ಮುಚ್ಚುವ ಬಾಗಿಲು. ಇನ್ನೊಂದು ಮಾತಿನಲ್ಲಿ ದೂರಿನ ಕಿಟಕಿ, ಸಾಯುವವರೆಗೆ. ಭಾಮೈದನ ಅಲ್ಲಾಡುವ ಕಾಲು ನೆನಪಾಯಿತು. ಬಾಯಿ ತೆರೆದೆ. ಬಂದದ್ದು ಇದು:

"ಮೂರು ಕಂಡ್ವು ಸರ್. ನಾಲ್ಕನೇದು ಇನ್ನೂ ಕಂಡಿಲ್ಲ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಪರೀಕ್ಷಕರು ನಿಟ್ಟುಸಿರು ಬಿಟ್ಟರು. "ನಿಮ್ಮದೊಂದು ಯಾವಾಗ್ಲೂ ಕೊರತೆ ನೋಡಿ. ಎಲ್ಲಿ, ಸರೀರಿ," ಎಂದು, ನನ್ನ ಕಣ್ಣಿನ ದೋಷವನ್ನು ನನಗೇ ತೋರಿಸಿಕೊಡುವ ಉದ್ದೇಶದಿಂದ ಬಗ್ಗಿದರು.

ಬಗ್ಗಿದವರು ಏಳಲಿಲ್ಲ.

ಕಾಯುತ್ತಾ ನಿಂತೆ. ಅವರ ಕೈ ತಾನಾಗಿ ತಿರುಪಿಗೆ ಹೋಯಿತು. ಇನ್ನೊಂದು ಕೈ ಕುರ್ಚಿಯನ್ನು ಹುಡುಕಿ ಎಳೆದುಕೊಂಡಿತು. ನೀಟಪ್ಪ ಅವರಿಗೆ ಚಹಾ ತಂದಿಟ್ಟರು. ಅದು ಆರಿ ಕೆನೆಗಟ್ಟಿತು. ತರಗತಿಯಲ್ಲಿ ಗುಸುಗುಸು ಶುರುವಾಯಿತು. ಯಾರನ್ನೂ ಇಷ್ಟು ಹೊತ್ತು ಪರೀಕ್ಷಿಸಿದ್ದನ್ನು ಯಾರೂ ಕಂಡಿರಲಿಲ್ಲ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಇಲ್ಲಿದೆ!" ಪರೀಕ್ಷಕರು ಕೂಗಿದರು. "ಇಲ್ಲಿದೆ ನೋಡ್ರೀ! ಗೋಡೆ! ಗೋಡೆ ಬರ್ತಾ ಇದೆ!" ಅವರ ಕನ್ನಡಕ ಹಣೆಗೆ ಏರಿತ್ತು. ಮೇಷ್ಟ್ರನ್ನು ತೋಳು ಹಿಡಿದು ಎಳೆದು ಬಗ್ಗಿಸಿದರು. ಮೇಷ್ಟ್ರು ನೋಡಿದರು. ಗಡಿಯಾರ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ, "ಓದುವಾಗ ಒಂದು ಸಲ ನೋಡಿದ್ದೆ," ಎಂದರು, ಅಷ್ಟೇ.

ಆಮೇಲೆ ಎಲ್ಲರನ್ನೂ ಸಾಲಾಗಿ ಕರೆದು ತೋರಿಸಿದರು. ಮೊದಲು ಬಂದವನು ಬ್ರೆಡ್ಡಣ್ಣ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಕಣ್ಣು ಮುಚ್ಚಿ ನೋಡಿದ. ನನ್ನ ಕಿವಿಯ ಹತ್ತಿರ ಬಂದು, "ಅಕ್ಕಾ, ಏನೂ ಕಾಣ್ತಿಲ್ವಲ್ಲ! ಏನೋ ಕೆಂಪಗೆ ಚೆಲ್ಲಿದ ಹಾಗಿದೆ. ಪುಸ್ತಕದ್ದು ಎಷ್ಟು ನೀಟಾಗಿತ್ತು!" ಎಂದ. ಪಾಪ, ಜೀವಮಾನದಲ್ಲಿ ಮೊದಲ ಸಲ ಅವನಿಗೆ ಕಾಣಲಿಲ್ಲ.

ಅಂಕಗಳ ವಿಷಯಕ್ಕೆ ಬಂದಾಗ ಸ್ವಲ್ಪ ತೊಡಕಾಯಿತು. ಉಳಿದವರಿಗೆಲ್ಲ ಆಗಲೇ ಪೂರ್ತಿ ಅಂಕ ಬಿದ್ದಾಗಿತ್ತು, ಶಾಯಿಯಲ್ಲಿ. ತುದಿಯೇ ಇಲ್ಲದ ಬೇರಿನಲ್ಲಿ ಅವರಿಗೆ ನಾಲ್ಕು ಹಂತ ಹೇಗೆ ಕಂಡಿತು ಎಂದು ಕೇಳಿದರೆ, ಹಿಂದಿನ ವರ್ಷಗಳದ್ದನ್ನೂ ಕೇಳಬೇಕಾಗುತ್ತದೆ. ಪರೀಕ್ಷಕರೂ ಮೇಷ್ಟ್ರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರೂ ಏನನ್ನೂ ಕಾಣದವರ ಹಾಗೆ ಮುಂದೆ ಸಾಗಿದರು. ಅಭ್ಯಾಸ ಇತ್ತು.

"ನಿಮಗೆ ಮೂರು ಹಂತದ ಅಂಕ," ಎಂದು ಪರೀಕ್ಷಕರು ನನಗೆ ಹೇಳಿದರು.

"ನಾಲ್ಕನೇದೂ ಅದೇ ಸ್ಲೈಡಲ್ಲಿ ಇತ್ತಲ್ಲ ಸರ್," ಎಂದು ಮೇಷ್ಟ್ರು ನನ್ನ ಪರವಾಗಿ ಅಂದರು.

"ಇತ್ತು. ಆದ್ರೆ ಅದನ್ನ ಹುಡುಕಿದ್ದು ನಾನು." ಅವರು ಎದೆ ಉಬ್ಬಿಸಿದರು. "ಇವರಿಗೆ ಹೇಗೆ ಕೊಡೋದು? ಮತ್ತೆ ಚಿತ್ರಾನೂ ಓರೆಯಾಗಿದೆ. ಪುಸ್ತಕದಲ್ಲಿ ನೆಟ್ಟಗಿದೆ." ಅದಕ್ಕೂ ಒಂದಿಷ್ಟು ಕಳೆದರು. ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ನನ್ನದು. ಆದರೆ ಪಾಸಿನ ಗೆರೆಯ ಮೇಲೆ ಅದು ನಿಂತಿತ್ತು. ನಾನು ಬೆರಳು ಮಡಿಸಿ ಮಡಿಸಿ ಕೂಡಿ ನೋಡಿದೆ. ನಿಂತೇ ಇತ್ತು.

ಹೊರಡುವಾಗ ನೀಟಪ್ಪನ ಹತ್ತಿರ ನಿಂತು, "ಮುಂದಿನ ವರ್ಷ ತುದಿ ಮಾತ್ರ ಬಿಟ್ಬಿಡಿ" ಎಂದೆ. ಅವರ ಮುಖ ಬಾಡಿತು. "ಗಲೀಜು ಕಾಣುತ್ತಲ್ಲಮ್ಮಾ" ಎಂದರು. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ಅವನಿಗೆ ಹೇಳ್ಬೇಡಿ, ಮನಸ್ಸಿಗೆ ಹಚ್ಕೋತಾನೆ. ಇನ್ನೆಷ್ಟು ವರ್ಷ ಇರ್ತಾನೆ?" ಎಂದರು. ಮುಂದಿನ ವರ್ಷವೂ ಎಲ್ಲರಿಗೂ ಕಾಣುತ್ತದೆ, ಆ ಚಿಂತೆ ಬೇಡ.

ಹೊಸ ಜಾಗದ ಆದೇಶ ಬಂತು. ಮೇಲ್ವಿಚಾರಕರು ಅದನ್ನು ಕೈಗೆ ಕೊಡುತ್ತಾ, "ಮಹಡಿ ಮೇಲೂ ಸ್ಪಿರಿಟ್ ಇರುತ್ತೆ. ಹುಷಾರು" ಎಂದು ತಂದೆಯಂತೆ ಬುದ್ಧಿ ಹೇಳಿದರು. ದೂರಿನ ಕಿಟಕಿಗೆ ಭಾಮೈದ ಬಂದು ಕೂತ. ಅವನ ಕಾಲು ಈಗ ಅಲ್ಲಾಡುತ್ತಿಲ್ಲ.

ಪರೀಕ್ಷೆಯ ಸಂಜೆ ಮನೆಗೆ ಹೋದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕಾಯುತ್ತಿದ್ದರು ಎಂದು ನಾನು ಹೇಳಿದರೆ ಒಪ್ಪುವುದಿಲ್ಲ, ಗಾಳಿಗೆ ನಿಂತಿದ್ದರಂತೆ.

"ಒಡೀತಾ ನಿನ್ನ ಈರುಳ್ಳಿ?"

"ಒಡೀತು ಅತ್ತೆ. ಕಣ್ಣಾರೆ ನೋಡಿದೆ. ಎರಡು ಕಡೆಗೂ ಸಮಪಾಲು."

"ಸಮಪಾಲು!" ಅತ್ತೆ ಮೂಗು ಮುರಿದರು. "ಜಗಳ ಇಲ್ದೆ?"

"ಜಗಳ ಇಲ್ದೆ."

"ಹಾಗಾದ್ರೆ ನೀನು ಸರಿಯಾಗಿ ನೋಡಿಲ್ಲ," ಎಂದು ಹೇಳಿ, ಒಳಗೆ ಹೋಗಿ, ಕಿಟಕಿಯಲ್ಲಿ ಉಳಿದಿದ್ದ ಈರುಳ್ಳಿಗೆ ನಾನು ಕೇಳದೆಯೇ ನೀರು ಬದಲಾಯಿಸಿದರು.